ನಕಾಶೆಯ ಮೇಲೆ ಬಾಲ್ಕನ್

ದೀಪಾವಳಿಯ ಫರಾಳ ಡಬ್ಬಿಯ ತಳ ಕಂಡಿರಲಿಲ್ಲ. ಹಿಂಜವಾಡಿಯ ಕಂಪನಿಯೊಂದರಲ್ಲಿ ದುಡಿಯುವ ನಮ್ಮ ಅಣ್ಣನ ಮಗ ಒಂದು ಭಾನುವಾರ ಊಟದ ಮೇಜಿನ ಮೇಲಿನ ತಟ್ಟೆಗಳನ್ನು ಸರಿಸಿ ದೊಡ್ಡದೊಂದು ನಕಾಶೆ ಹರಡಿದ. "ಕಾಕಾ, ಮುಂದಿನ ವರ್ಷ ಬಾಲ್ಕನ್ನಿಗೆ ಹೊಂಟೀನ್ರಿ. ಮೋಟರಸೈಕಲ್ ಮ್ಯಾಲೆ" ಎಂದ. ಬಾಲ್ಕನ್ ಎಂದರೆ ತುರ್ಕಿ ಮಾತಿನಲ್ಲಿ ಕಾಡು ಬೆಳೆದ ಬೆಟ್ಟಸಾಲು. ಬೆಟ್ಟ ಎಂದರೆ ಘಟ್ಟ, ಘಟ್ಟ ಎಂದರೆ ನಮ್ಮ ಮನೆಯಲ್ಲಿ ಒಂದು ಹಳೆಯ ಕಥೆ. ವೈನಿಯವರು ಒಳಗಿನಿಂದ ಸೌಟು ಹಿಡಿದೇ ಬಂದರು.

ಆ ಕಥೆಯನ್ನು ಮೊದಲು ಹೇಳಿಬಿಡುತ್ತೇವೆ. 1988ರಲ್ಲಿ ನಮ್ಮ ಅಣ್ಣ ಪುಣೆಯಿಂದ ಧಾರವಾಡಕ್ಕೆ ತನ್ನ ಯೆಜ್ಡಿಯ ಮೇಲೆ ಹೊರಟ. (ಯೆಜ್ಡಿ ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ ಗಾಡಿ, ಆ ಕಾರ್ಖಾನೆ 1996ರಲ್ಲಿ ಮುಚ್ಚಿತು.) ರಾತ್ರಿಯೇ ಊರು ಸೇರಿಬಿಡಬೇಕೆಂಬ ಹಟ. ನಿಪ್ಪಾಣಿ ದಾಟಿ ತವಂದಿ ಘಟ್ಟದಲ್ಲಿ, ಹಿಂದಿನ ದೀಪವಿಲ್ಲದೆ ನಿಂತಿದ್ದ ಲಾರಿಯೊಂದು ಅವನಿಗೆ ಕಂಡದ್ದು ಹತ್ತು ಮಾರಿನಲ್ಲಿ. ಜೀವ ಉಳಿಯಿತು. ಎಡಗಾಲು ಇಂದಿಗೂ ಮಳೆಗಾಲ ಬಂದುದನ್ನು ಹವಾಮಾನದವರಿಗಿಂತ ಮೊದಲು ಹೇಳುತ್ತದೆ.

ಆದುದರಿಂದ ವೈನಿಯವರು ಹೋಗಬೇಡವೆನ್ನಲಿಲ್ಲ. ಒಂದೇ ಕರಾರು ಹಾಕಿದರು. "ದಿನಾ ಕತ್ತಲಾಗೂದರೊಳಗ ಊರು ಮುಟ್ಟಬೇಕು. ಹಂಗ ಬರದು ತೋರಸು, ಆಮ್ಯಾಲೆ ಹೋಗು."

"ಅವ್ವಾ, ಜೂನಿನಾಗ ಅಲ್ಲಿ ರಾತ್ರಿ ಎಂಟರ ಮ್ಯಾಲೂ ಬೆಳಕಿರತದ!"

"ಹಂಗಾದ್ರ ಆರು ಗಂಟೆ ಅಂತ ಬರಕೋ."

ಅವನು ಬರೆದು ತಂದಿದ್ದ ಮೊದಲ ಯೋಜನೆಯನ್ನು ವಾಚಕರು ನೋಡಬೇಕಿತ್ತು. ಕ್ರೊಯೇಷ್ಯ, ಬೋಸ್ನಿಯ, ಸರ್ಬಿಯ, ರುಮೇನಿಯ, ಬಲ್ಗೇರಿಯ, ಮ್ಯಾಸಿಡೋನಿಯ, ಅಲ್ಬೇನಿಯ, ಮಾಂಟೆನೀಗ್ರೊ: ಎಂಟು ದೇಶ, ಹನ್ನೆರಡು ದಿನ. ದಿನಕ್ಕೆ ಮುನ್ನೂರು ಕಿಲೋಮೀಟರು ಏನು ದೊಡ್ಡದು ಎಂಬುದು ಅವನ ಲೆಕ್ಕ. ಲೆಕ್ಕದ ಮೂಲ ನಮಗೆ ತಿಳಿಯಿತು. ಇಲ್ಲಿಂದ ಕೊಲ್ಲಾಪುರ ಸುಮಾರು 240 ಕಿಲೋಮೀಟರು. ಬೆಳಗಿನ ಚಹ ಇಲ್ಲಿ ಕುಡಿದು ಊಟಕ್ಕೆ ಅಲ್ಲಿರುವುದು ಇವನಿಗೆ ರೂಢಿ. ಆದರೆ ಅದೇ ಹುಡುಗ ಕಳೆದ ವರ್ಷ ದಾಂಡೇಲಿಯಿಂದ ಅಣಶಿ ಘಟ್ಟ ಇಳಿದು ಕಾರವಾರ ಸೇರುವಷ್ಟರಲ್ಲಿ ಅರ್ಧ ದಿನ ಕಳೆದು ಬೆನ್ನು ಹಿಡಿದುಕೊಂಡು ಕುಳಿತಿದ್ದ. "ಬಾಲ್ಕನ್ನಿಗೆ ಯಾವ ಅಳತೆಗೋಲು ಹಿಡಿಯುತ್ತೀ, ಕೊಲ್ಲಾಪುರದ್ದೋ ಅಣಶಿಯದೋ?" ಎಂದು ನಾವು ಕೇಳಿದೆವು. ಅವನು ತಲೆ ಕೆರೆದುಕೊಂಡು ಪೆನ್ಸಿಲು ತೆಗೆದ.

ಮೊದಲು ಬಿದ್ದುಹೋದುದು ರುಮೇನಿಯ. ಅಲ್ಲಿಯ ಟ್ರಾನ್ಸ್‌ಫಗರಾಶನ್ ಎಂಬ ರಸ್ತೆ ಬೈಕಿನವರ ಕಾಶಿಯಂತೆ. 1970ರ ದಶಕದ ಮೊದಲಲ್ಲಿ ಕಟ್ಟಿದ್ದು, ನೆತ್ತಿಯಲ್ಲಿ 2042 ಮೀಟರು ಎತ್ತರ. ಆದರೆ ಹಿಮದ ದೆಸೆಯಿಂದ ಅದರ ಮೇಲಿನ ಭಾಗ ಸಾಮಾನ್ಯವಾಗಿ ಜೂನ್ ಮುಗಿಯುವವರೆಗೆ ತೆರೆಯುವುದಿಲ್ಲ. ಇವನಿಗೆ ರಜೆ ಸಿಕ್ಕುವುದು ಜೂನ್ ಮೊದಲ ವಾರ! ಅದರ ಹಿಂದೆಯೇ ಬಲ್ಗೇರಿಯ, ಸರ್ಬಿಯ, ಮ್ಯಾಸಿಡೋನಿಯ, ಅಲ್ಬೇನಿಯಗಳೂ ಹೋದುವು. ಉಳಿದುದು ಮೂರು ದೇಶ, ಒಂದು ಸುತ್ತು: ಸ್ಪ್ಲಿಟ್ಟಿನಲ್ಲಿ ಬೈಕನ್ನು ಬಾಡಿಗೆಗೆ ತೆಗೆದುಕೊಂಡು ಡುಬ್ರೋವ್ನಿಕ್, ಕೋಟರ್, ಜಾಬ್ಲ್ಯಾಕ್, ಸರಾಯೇವೊ, ಮೋಸ್ಟಾರ್, ಮರಳಿ ಸ್ಪ್ಲಿಟ್. ಒಟ್ಟು ಸಾವಿರ ಕಿಲೋಮೀಟರಿನ ಆಸುಪಾಸು. ಇಲ್ಲಿಂದ ಬೆಂಗಳೂರಿಗೆ ಹೋಗುವುದಕ್ಕಿಂತ ಕೊಂಚ ಹೆಚ್ಚು, ಅಷ್ಟೆ.

ಇನ್ನು ಗಡಿಯ ಮಾತು. ನಾವು ಕಾಗಲ ದಾಟಿ ಕೊಗನೊಳ್ಳಿಗೆ ಬಂದರೆ ಫಲಕದ ಅಕ್ಷರ ಬದಲಾಗುತ್ತದೆ, ಮನಸ್ಸಿಗೆ ತುಸು ಹಿತವೆನಿಸುತ್ತದೆ, ಗಾಡಿ ನಿಲ್ಲಿಸಬೇಕಾಗಿಲ್ಲ. ಅಲ್ಲಿ ಹಾಗಲ್ಲ. ಕ್ರೊಯೇಷ್ಯ 2023ರ ಜನವರಿ 1ರಿಂದ ಶೆಂಗೆನ್ ಒಕ್ಕೂಟದಲ್ಲಿದೆ. ಬೋಸ್ನಿಯ, ಮಾಂಟೆನೀಗ್ರೊ ಅದರ ಹೊರಗಿವೆ. ಇವನ ಸುತ್ತಿನಲ್ಲಿ ಕ್ರೊಯೇಷ್ಯಕ್ಕೆ ಎರಡು ಸಲ ಪ್ರವೇಶ. ಒಂದೇ ಪ್ರವೇಶದ ವೀಸಾ ಹಿಡಿದು ಹೋದರೆ ಮೋಸ್ಟಾರಿನಿಂದ ಹಿಂದಿರುಗುವಾಗ ಗಡಿಯಲ್ಲಿ ತಡೆಯುತ್ತಾರೆ. ಬೈಕು ಒಪ್ಪಿಸಬೇಕಾದ ಅಂಗಡಿಯೂ ಮನೆಗೆ ಬರುವ ವಿಮಾನವೂ ಆಚೆ ದಂಡೆಯಲ್ಲಿ! ಅರ್ಜಿಯಲ್ಲಿ ಅವನು ಗುರುತು ಹಾಕಿದ್ದುದು 'ಒಂದು ಪ್ರವೇಶ' ಎಂಬುದರ ಮುಂದೆಯೇ. ಅದನ್ನು ಅಳಿಸಿ 'ಅನೇಕ ಪ್ರವೇಶ' ಮಾಡಿಸಿದೆವು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಕೊಡಬಹುದು. ಉಳಿದೆರಡು ದೇಶಗಳ ನಿಯಮವನ್ನು ಆಯಾ ರಾಯಭಾರಿ ಕಚೇರಿಯನ್ನೇ ಕೇಳಬೇಕು. ಗೆಳೆಯರ ಮಾತು ಇದಕ್ಕೆ ಸಾಲದು.

ಹಳೆಯ ಪ್ರವಾಸಪುಸ್ತಕಗಳನ್ನು ನಂಬುವವರಿಗೂ ಒಂದು ಮಾತು. ಸ್ಪ್ಲಿಟ್ಟಿನಿಂದ ಡುಬ್ರೋವ್ನಿಕ್ಕಿಗೆ ಹೋಗುವ ಕರಾವಳಿಯ ದಾರಿಯಲ್ಲಿ ನೆಯುಮ್ ಎಂಬಲ್ಲಿ ಬೋಸ್ನಿಯದ ಸಣ್ಣ ತುಣುಕೊಂದು ಕಡಲಿಗೆ ಕಾಲು ಚಾಚಿದೆ. ಮೊದಲು ಅಲ್ಲಿ ಎರಡೆರಡು ಸಲ ಪಾಸ್‌ಪೋರ್ಟು ತೋರಿಸಬೇಕಾಗುತ್ತಿತ್ತು. 2022ರ ಜುಲೈಯಲ್ಲಿ ಪೆಲ್ಯೆಶಾಟ್ಸ್ ಸೇತುವೆ ತೆರೆದ ಮೇಲೆ ಆ ತೊಡಕಿಲ್ಲ.

ಕಾಗದಪತ್ರಗಳಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ನಮ್ಮ ಆರ್‌.ಟಿ.ಓ. ಕಚೇರಿಯಲ್ಲೇ ಸಿಕ್ಕುತ್ತದೆ, ಒಂದು ವರ್ಷ ನಡೆಯುತ್ತದೆ. ಬಾಡಿಗೆಯವರ ಕರಾರಿನಲ್ಲಿ ಮೂರು ದೇಶಗಳ ಹೆಸರೂ ಇರಬೇಕು, ವಿಮೆಯ ಕಾಗದ ಕೈಯಲ್ಲಿರಬೇಕು. ವೈನಿಯವರು ಕಟ್ಟಿಡಬೇಕೆಂದಿದ್ದ ತುಪ್ಪದ ಡಬ್ಬಿ ಮಾತ್ರ ಹೋಗುವಂತಿಲ್ಲ. ಹಾಲಿನ ಪದಾರ್ಥ ಒಯ್ಯಲು ಯುರೋಪಿನ ಒಕ್ಕೂಟದವರು ಬಿಡುವುದಿಲ್ಲ. ಶೇಂಗಾ ಚಟ್ನಿಪುಡಿ ಗೆದ್ದಿತು.

ಇಷ್ಟಾದರೂ ನಮ್ಮನ್ನು ಕಾಡುತ್ತಿದ್ದುದು ಜಾಬ್ಲ್ಯಾಕಿನಿಂದ ಸರಾಯೇವೊಗೆ ಹೋಗುವ ದಿನ. ಕಿಲೋಮೀಟರು ನೋಡಿದರೆ ಇಡೀ ಸುತ್ತಿನ ಸಾಧಾರಣ ದಿನ. ದಾರಿ ನೋಡಿದರೆ ಮೊದಲು 1907 ಮೀಟರಿನ ಸೆಡ್ಲೊ ಕಣಿವೆಬಾಯಿ, ಆಮೇಲೆ ಪೀವ ನದಿಯ ಕಮರಿಯಲ್ಲಿ ದೀಪವಿಲ್ಲದ ಸುರಂಗದ ಮೇಲೆ ಸುರಂಗ, ಆಮೇಲೆ ಗಡಿ, ಗಡಿಯಾಚೆ ಇಕ್ಕಟ್ಟಿನ ರಸ್ತೆ. ಅದರ ಮೇಲೆ ಬೋಸ್ನಿಯದಲ್ಲಿ 1992ರಿಂದ 1995ರವರೆಗೆ ನಡೆದ ಯುದ್ಧದ ನೆಲಬಾಂಬುಗಳು ಇಂದಿಗೂ ಪೂರ್ತಿ ತೆಗೆದು ಮುಗಿದಿಲ್ಲ. ಕೆಂಪು ಹಲಗೆಯ ಮೇಲೆ ತಲೆಬುರುಡೆ ಬರೆದಿರುತ್ತಾರೆ. ನಮ್ಮ ಘಟ್ಟಗಳಲ್ಲಿ ಮಾಡುವಂತೆ ಚಿತ್ರ ತೆಗೆಯಲೆಂದೋ ಮತ್ತಾವುದಕ್ಕೋ ಪೊದೆಯ ಹಿಂದೆ ನಡೆಯುವುದು ಅಲ್ಲಿ ಸಲ್ಲದು. ಡಾಂಬರು ಬಿಟ್ಟು ಕಾಲಿಡಬಾರದು.

ಇದನ್ನೆಲ್ಲ ಓದುವಾಗ ಮೂಲೆಯ ಕುರ್ಚಿಯಲ್ಲಿದ್ದ ಅಣ್ಣ ಮೊದಲ ಸಲ ಬಾಯಿ ತೆರೆದ. "ಅವತ್ತು ಬ್ಯಾರೆ ಏನೂ ಇಟಗೋಬ್ಯಾಡ. ಹಿಂದಿನ ರಾತ್ರಿ ಜಾಬ್ಲ್ಯಾಕಿನಾಗ ಎರಡು ದಿನ ಇರು. ಮಳಿ ಬಂದ್ರ ಮೂರನೇದೂ ಇರು." ಅದೇ ಊರಿನ ಹತ್ತಿರ ತಾರಾ ನದಿಯ ಮೇಲೆ ಎತ್ತರದ ಕಮಾನು ಸೇತುವೆಯಿದೆ. 1942ರಲ್ಲಿ ಶತ್ರುಸೈನ್ಯ ದಾಟಬಾರದೆಂದು, ಅದನ್ನು ಕಟ್ಟಿದವರಲ್ಲಿ ಒಬ್ಬನಾದ ಎಂಜಿನಿಯರ್ ಲಾಜಾರ್ ಯೌಕೋವಿಚ್ ಒಂದು ಕಮಾನನ್ನು ಕೆಡವಲು ನೆರವಾದ, ಆ ತಪ್ಪಿಗೆ ಪ್ರಾಣವನ್ನೂ ತೆತ್ತ. ಯುದ್ಧದ ನಂತರ ಸೇತುವೆಯನ್ನು ಮತ್ತೆ ಸರಿಪಡಿಸಿದರು. ಮೋಸ್ಟಾರಿನ ಹಳೆಯ ಸೇತುವೆಯ ಕಥೆಯೂ ಇಂಥದೇ: 1566ರದ್ದು, 1993ರಲ್ಲಿ ಬಿತ್ತು, 2004ರಲ್ಲಿ ಮರಳಿ ನಿಂತಿತು. ಹುಡುಗ ಇವೆರಡಕ್ಕೂ ಒಂದೊಂದು ಮಧ್ಯಾಹ್ನ ಮೀಸಲಿಟ್ಟ. ಎಂಟು ದೇಶದ ಯೋಜನೆಯಲ್ಲಿ ಇವುಗಳ ಮೇಲೆ ಸುಮ್ಮನೆ ಹಾದುಹೋಗುತ್ತಿದ್ದ.

ಈಗ ಅವನ ಹಾಳೆಯಲ್ಲಿ ಕಿಲೋಮೀಟರಿನ ಪಕ್ಕದಲ್ಲಿ ಇನ್ನೊಂದು ಸಾಲಿದೆ: ಹೊರಡುವ ಗಂಟೆ, ಮುಟ್ಟುವ ಗಂಟೆ. ಮುಟ್ಟುವ ಗಂಟೆ ಎಲ್ಲಿಯೂ ಆರು ದಾಟಿಲ್ಲ. ಅಲ್ಲಿ ಬಲಗಡೆ ಗಾಡಿ ನಡೆಸಬೇಕಾದ್ದರಿಂದ ಮೊದಲ ದಿನ ಸ್ಪ್ಲಿಟ್ ಊರಿನಲ್ಲೇ ಸುತ್ತಾಟ. ವೈನಿಯವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಒಂದೊಂದನ್ನೂ ಓದಿ, ಹಾಳೆಯನ್ನು ಮಡಿಚಿ ದೇವರ ಗೂಡಿನಲ್ಲಿಟ್ಟರು.

ಅಣ್ಣ ಕಾಲು ನೀವಿಕೊಳ್ಳುತ್ತ ಕೇಳಿದ: "ಹಿಂದಿನ ಸೀಟು ಖಾಲಿ ಅದ ಏನೋ?"

ವೈನಿಯವರು ಇನ್ನೂ ಉತ್ತರ ಹೇಳಿಲ್ಲ.