ಎರಡು ಗೋಲುಗಳ ಪೌರತ್ವ

ಫ್ರಾನ್ಸ್ ಪರವಾಗಿ 142 ಪಂದ್ಯಗಳನ್ನಾಡಿದ ರಕ್ಷಣಾ ಆಟಗಾರ ಲಿಲಿಯಾನ್ ತುರಾಂ ದೇಶಕ್ಕಾಗಿ ಹೊಡೆದದ್ದು ಎರಡೇ ಗೋಲು. ಎರಡೂ ಒಂದೇ ರಾತ್ರಿ, 1998ರ ಜುಲೈ 8ರಂದು, ವಿಶ್ವಕಪ್ ಸೆಮಿಫೈನಲಿನಲ್ಲಿ. ಅಂದು ಕ್ರೊಯೇಶಿಯಾ ಮೊದಲು ಗೋಲು ಹೊಡೆಯಲು ಸ್ವತಃ ತುರಾಂ ಅವರ ತಪ್ಪೂ ಕಾರಣವಾಗಿತ್ತು. ಅವರು ಹಿಂದೆ ಉಳಿದುಬಿಟ್ಟದ್ದರಿಂದ ಎದುರಾಳಿ ಆಫ್‌ಸೈಡ್ ಆಗಲಿಲ್ಲ. ಮರುಕ್ಷಣವೇ ಅವರು ಗೋಲು ಹೊಡೆದು ಸಮ ಮಾಡಿದರು, ಬಳಿಕ ಇನ್ನೊಂದನ್ನೂ ಹೊಡೆದರು. ಫ್ರಾನ್ಸ್ ಫೈನಲಿಗೆ ಹೋಯಿತು, ಕಪ್ ಗೆದ್ದಿತು. ಕರಿಯರು, ಬಿಳಿಯರು, ಅರಬರು ಒಂದಾದ ಹೊಸ ಫ್ರಾನ್ಸ್ ಹುಟ್ಟಿತೆಂದು ಪತ್ರಿಕೆಗಳು ಕೊಂಡಾಡಿದವು.

ನನ್ನ ಪ್ರಶ್ನೆ ಇಷ್ಟೇ. ಆ ಎರಡು ಗೋಲು ಬೀಳದೆ, ಆ ಒಂದು ತಪ್ಪೇ ಉಳಿದಿದ್ದರೆ? ಆಗಲೂ ತುರಾಂ ಫ್ರೆಂಚರೇ ಆಗಿರುತ್ತಿದ್ದರೇ?

ಅವರು ಹುಟ್ಟಿದ್ದು 1972ರಲ್ಲಿ, ಕೆರಿಬಿಯನ್ ಸಮುದ್ರದ ಗ್ವಾದಲೂಪ್‌ನಲ್ಲಿ. ಆ ದ್ವೀಪ ಅಂದೂ ಫ್ರಾನ್ಸಿನದೇ ಭಾಗ, ಇಂದೂ ಹೌದು. ಅವರು ವಲಸೆಗಾರರಲ್ಲ, ಹುಟ್ಟಿನಿಂದಲೇ ಪ್ರಜೆ. ಆದರೂ ಒಂಬತ್ತರ ವಯಸ್ಸಿನಲ್ಲಿ ಪ್ಯಾರಿಸ್ ಬಳಿಯ ಶಾಲೆ ಸೇರಿದಾಗ ಟಿ.ವಿ.ಯ ಕಾರ್ಟೂನಿನ ಕಪ್ಪು ಹಸುವಿನ ಹೆಸರಿಟ್ಟು ಮಕ್ಕಳು ಕರೆದರು. ತಾನು 'ಕರಿಯ'ನಾದದ್ದು ಅಲ್ಲಿ ಎಂದು ಅವರು ಹೇಳಿಕೊಂಡಿದ್ದಾರೆ. ಮನೆಗೆಲಸ ಮಾಡಿ ಐವರು ಮಕ್ಕಳನ್ನು ಸಾಕಿದ ಅವರ ತಾಯಿಗಾಗಿ ಯಾವ ಕ್ರೀಡಾಂಗಣ ಎದ್ದು ನಿಂತಿತ್ತು?

2005ರ ಅಕ್ಟೋಬರಿನಲ್ಲಿ ಕ್ಲಿಷಿ-ಸು-ಬ್ವಾದಲ್ಲಿ ಪೊಲೀಸರಿಂದ ತಪ್ಪಿಸಿಕೊಳ್ಳಲು ವಿದ್ಯುತ್ ಕೇಂದ್ರದೊಳಗೆ ಹೊಕ್ಕ ಇಬ್ಬರು ಹುಡುಗರು ಶಾಕ್ ಹೊಡೆದು ಸತ್ತರು. ಹೊರವಲಯದ ಬಡ ಬಡಾವಣೆಗಳು ಹೊತ್ತಿ ಉರಿದವು. ಅದಕ್ಕೆ ಎರಡು ದಿನ ಮೊದಲಷ್ಟೇ ಗೃಹಮಂತ್ರಿ ಸರ್ಕೋಝಿ ಇಂಥದೇ ಬಡಾವಣೆಯೊಂದರಲ್ಲಿ 'ಪುಂಡರ ಹಿಂಡು' ಎಂಬರ್ಥದ ಮಾತಾಡಿದ್ದರು. ನಾನೂ ಅಂಥ ಬಡಾವಣೆಯಲ್ಲೇ ಬೆಳೆದವನು, ಆ ಮಾತು ನನಗೂ ತಾಗುತ್ತದೆ ಎಂದರು ತುರಾಂ. 2006ರಲ್ಲಿ ಕಾಶಾಂ ಎಂಬಲ್ಲಿ, ವಾಸದ ಪರವಾನಗಿಯಿಲ್ಲದ ವಲಸಿಗರನ್ನು ಪೊಲೀಸರು ಕಟ್ಟಡದಿಂದ ಹೊರದಬ್ಬಿದಾಗ, ಜೊತೆ ಆಟಗಾರ ವಿಯೆರಾ ಜೊತೆಗೂಡಿ ಅವರನ್ನು ಫ್ರಾನ್ಸ್-ಇಟಲಿ ಪಂದ್ಯಕ್ಕೆ ಅತಿಥಿಗಳಾಗಿ ಕರೆದರು. ಕೂಡಲೇ ಕೆಲವರಿಗೆ ಸಿಟ್ಟು ಬಂತು. ಆಟಗಾರನಿಗೇಕೆ ರಾಜಕೀಯ ಎಂದರು. ಗೆದ್ದ ದಿನ ಅದೇ ಆಟಗಾರನ ಮೈಬಣ್ಣವನ್ನು ದೇಶದ ಜಾಹೀರಾತು ಮಾಡಿದ್ದು ರಾಜಕೀಯವಲ್ಲವೇ?

ಜಾಹೀರಾತಿನ ಆಯುಷ್ಯ ಎಷ್ಟೆಂದು 2011ರಲ್ಲಿ ತಿಳಿಯಿತು. ಎರಡು ದೇಶಗಳ ಪರವಾಗಿ ಆಡುವ ಅರ್ಹತೆಯಿರುವ ಹುಡುಗರ ಸಂಖ್ಯೆಗೆ ತರಬೇತಿ ಕೇಂದ್ರಗಳಲ್ಲಿ ಮಿತಿ ಹಾಕುವ ಚರ್ಚೆ ಫುಟ್ಬಾಲ್ ಒಕ್ಕೂಟದ ಒಳಗೇ ನಡೆದಿತ್ತೆಂಬುದು ಬಯಲಾಯಿತು. ಆ ಸಭೆಯಲ್ಲಿದ್ದವರು ಕೋಚ್ ಲೋರಾಂ ಬ್ಲಾಂ, 1998ರ ತಂಡದಲ್ಲಿ ತುರಾಂ ಪಕ್ಕದಲ್ಲೇ ನಿಂತು ಆಡಿದವರು. ಬ್ಲಾಂ ಕ್ಷಮೆ ಕೇಳಿದರು, ತನಿಖೆ ಅವರನ್ನು ದೋಷಮುಕ್ತಗೊಳಿಸಿತು, ನಿಜ. ಆದರೆ ಅಂಥ ಮಾತು ಆ ಕೋಣೆಯಲ್ಲಿ ಸಲೀಸಾಗಿ ಹೊರಟಿತಲ್ಲ!

ನಾವೂ ತಪ್ಪಿತಸ್ಥರೇ. ಯಾರಾದರೂ ಬೆರಳು ತೋರಿಸಿದರೆ ಸಾಕು, ಝಿದಾನ್ ನಮ್ಮವನು ಎಂದು ಪಟ್ಟಿ ಓದತೊಡಗುತ್ತೇವೆ. ಪಟ್ಟಿ ಓದುವುದೆಂದರೆ, ಸಾಧಿಸಿದವನಿಗೆ ಮಾತ್ರ ಗೌರವ ಎಂಬ ಅವರ ಷರತ್ತಿಗೆ ನಾವೇ ಸಹಿ ಹಾಕಿದಂತೆ. ಪಟ್ಟಿಯಲ್ಲಿಲ್ಲದ ಬೀಡಿ ಕಟ್ಟುವವಳು, ಗಾಡಿ ತಳ್ಳುವವನು ಎಲ್ಲಿಗೆ ಹೋಗಬೇಕು?

ತುರಾಂ ಈ ಷರತ್ತನ್ನು ಒಪ್ಪಲಿಲ್ಲ. 2008ರಲ್ಲಿ ಹೃದಯದ ತೊಂದರೆಯಿಂದ ಆಟ ಬಿಟ್ಟವರು ಅದೇ ವರ್ಷ ವರ್ಣಭೇದದ ವಿರುದ್ಧ ಅರಿವು ಮೂಡಿಸುವ ಪ್ರತಿಷ್ಠಾನ ಕಟ್ಟಿ, ಶಾಲೆಗಳಿಗೆ ಹೋಗಿ ಮಕ್ಕಳೊಂದಿಗೆ ಮಾತಾಡತೊಡಗಿದರು. ಹಸುವಿನ ಹೆಸರು ಹುಟ್ಟಿದ್ದು ಶಾಲೆಯಲ್ಲಿ ತಾನೇ? 2024ರ ಚುನಾವಣೆಗೆ ಮುನ್ನ ಅವರ ಮಗ ಮಾರ್ಕಸ್, ಈಗ ತಾನೇ ಫ್ರಾನ್ಸ್ ಆಟಗಾರ, ತೀವ್ರ ಬಲಪಂಥದ ವಿರುದ್ಧ ಬಹಿರಂಗವಾಗಿ ಮಾತಾಡಿದ. ಆಟಗಾರನಿಗೇಕೆ ರಾಜಕೀಯ ಎಂಬ ಹಳೆಯ ರಾಗ ಆಗಲೂ ಕೇಳಿಬಂತು. ಅಪ್ಪ 142 ಪಂದ್ಯ ಆಡಿದ್ದೂ ಮಗನ ಬಾಯಿಗೆ ಪರವಾನಗಿಯಾಗಲಿಲ್ಲ.