ಹಳೆಯ ಟಪಾಲು ಕಚೇರಿಯ ಮುಂದಿನ ಗತಿ

2025ನೆಯ ಇಸವಿಯಲ್ಲಿ ರಿಜಿಸ್ಟರ್ಡ್ ಅಂಚೆಯೆಂಬ ಪ್ರತ್ಯೇಕ ಸೇವೆಯು ಸ್ಪೀಡ್ ಪೋಸ್ಟಿನಲ್ಲಿ ಲೀನವಾಯಿತು. ಅದಕ್ಕೆ ಹನ್ನೆರಡು ವರ್ಷ ಮೊದಲೇ, 2013ರ ಜುಲೈ ತಿಂಗಳಲ್ಲಿ, ತಂತಿ ಸಮಾಚಾರದ ಸೇವೆಯೂ ನಿಂತುಹೋಗಿತ್ತು. ಕಾಲ ಬದಲಾದಂತೆ ಸೇವೆಯ ಬಗೆ ಬದಲಾಗುವುದು ಸಹಜ. ಅದಕ್ಕಾಗಿ ಕಣ್ಣೀರಿಡುವುದು ವಿವೇಕವಲ್ಲ. ಆದರೆ ಆ ಸೇವೆಗಳಿಗಾಗಿ ಪ್ರಜೆಗಳ ಹಣದಿಂದ ಎದ್ದು ನಿಂತ ಕಟ್ಟಡಗಳ ಗತಿಯೇನು ಎಂಬ ಪ್ರಶ್ನೆಯನ್ನು ಹಾಗೆ ತಳ್ಳಿಹಾಕುವಂತಿಲ್ಲ. ಮುಂಬಯಿಯಲ್ಲಿ ನೆಲಸಿದ ಕನ್ನಡಿಗರಾದ ನಮಗೆ ಈ ಪ್ರಶ್ನೆಯಲ್ಲಿ ವಿಶೇಷವಾದ ಬಾಧ್ಯತೆಯೂ ಇದೆ.

ಹುತಾತ್ಮಾ ಚೌಕದ ಬಳಿ, ಫ್ಲೋರಾ ಕಾರಂಜಿಗೆ ಸಮೀಪದಲ್ಲಿ, ಕೇಂದ್ರ ತಂತಿ ಕಚೇರಿಯೆಂದು ಹೆಸರಾದ ಕಲ್ಲಿನ ಕಟ್ಟಡವನ್ನು ನಮ್ಮ ವಾಚಕರಲ್ಲಿ ಅನೇಕರು ದಿನವೂ ಹಾದುಹೋಗುತ್ತಿರಬಹುದು. ಅದು ಮೊದಲು ಈ ನಗರದ ಹಿರಿಯ ಟಪಾಲು ಕಚೇರಿಯಾಗಿತ್ತೆಂಬುದನ್ನು ಬಲ್ಲವರು ಕೆಲವರೇ. 1862ರಲ್ಲಿ ಗವರ್ನರರಾಗಿ ಬಂದ ಸರ್ ಬಾರ್ಟಲ್ ಫ್ರೇರರ ಆಡಳಿತದಲ್ಲಿ ಹಳೆಯ ಕೋಟೆಯ ಗೋಡೆಗಳು ಉರುಳಿದುವು. ಅಮೇರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ವ್ಯಾಪಾರದಿಂದ ಹರಿದುಬಂದ ಐಶ್ವರ್ಯವು ಊರಿನ ಮೋರೆಯನ್ನೇ ಮಾರ್ಪಡಿಸಿತು. ಗೋಡೆ ಬಿದ್ದ ಬಯಲಿನಲ್ಲಿ ಸಾಲುಸಾಲಾಗಿ ಸರಕಾರೀ ಸೌಧಗಳು ಎದ್ದುವು. ಹೊಸ ಮುಂಬಯಿಯ ರೂಪರೇಖೆಯನ್ನು ಆಲೋಚಿಸಲು ನೇಮಕಗೊಂಡಿದ್ದ ಜೇಮ್ಸ್ ಟ್ರಬ್‌ಶಾ ಎಂಬ ಶಿಲ್ಪಿಯೇ ಟಪಾಲು ಕಚೇರಿಯ ನಕ್ಷೆಯನ್ನೂ ಬರೆದನು. ಮೂರು ಅಂತಸ್ತು, 242 ಅಡಿ ಉದ್ದ, ಉತ್ತರಕ್ಕೆ ಚಾಚಿದ ರೆಕ್ಕೆಗಳು, ಯುರೋಪಿನ ಮಧ್ಯಯುಗವನ್ನು ನೆನಪಿಗೆ ತರುವ ಶೈಲಿ: ಹೀಗೆ 1870ರ ದಶಕದ ಆರಂಭದಲ್ಲಿ ಆ ಕಟ್ಟಡ ಸಿದ್ಧವಾಯಿತು. ಸುಮಾರು ನಾಲ್ವತ್ತು ವರ್ಷ ಈ ಪಟ್ಟಣದ ಕಾಗದಗಳೆಲ್ಲ ಅದರ ಬಾಗಿಲಿನಿಂದಲೇ ಬಂದು ಹೋದುವು.

ಊರು ಬೆಳೆದಂತೆ ಆ ಮನೆ ಸಾಲದಾಯಿತು. 1904ರಲ್ಲಿ ಬೋರಿಬಂದರದ ಬಳಿ ಹೊಸ ಕಚೇರಿಯ ಕೆಲಸ ಮೊದಲಾಗಿ 1913ರಲ್ಲಿ ಮುಗಿಯಿತು. ಟಪಾಲಿನವರು ಅಲ್ಲಿಗೆ ಹೋದರು, ಹಳೆಯ ಕಟ್ಟಡ ತಂತಿಯವರ ಪಾಲಿಗೆ ಬಂತು. ಹೊಸ ಕಚೇರಿಯನ್ನು ರೂಪಿಸಿದವನು ಜಾನ್ ಬೆಗ್. ಟ್ರಬ್‌ಶಾ ಮಾದರಿಗಾಗಿ ಯುರೋಪಿನ ಕಡೆಗೆ ನೋಡಿದ್ದರೆ, ಬೆಗ್ ನೋಡಿದ್ದು ನಮ್ಮ ವಿಜಾಪುರದ ಕಡೆಗೆ! ಮುಂಬಯಿಯ ಹಿರಿಯ ಟಪಾಲು ಕಚೇರಿಯ ಮೇಲೆ ಇಂದು ನಾವು ಕಾಣುವ 65 ಅಡಿ ವ್ಯಾಸದ ಗುಮ್ಮಟವು ಗೋಲಗುಮ್ಮಟದ ಸ್ಫೂರ್ತಿಯಿಂದ ಹುಟ್ಟಿದುದು.

ಗೋಲಗುಮ್ಮಟದ ಹಿರಿಮೆ ಬರಿಯ ಗಾತ್ರದಲ್ಲಿಲ್ಲ. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಆ ಗೋರಿಯ ಒಳಾಂಗಣ ಒಂದೊಂದು ಬದಿಗೆ ಸುಮಾರು 135 ಅಡಿಯ ಚೌಕ. ಚೌಕದ ಮೇಲೆ ವರ್ತುಲವನ್ನು ನಿಲ್ಲಿಸುವುದೆಂತು? ಒಂದು ಚೌಕದ ಮೇಲೆ ಮತ್ತೊಂದನ್ನು ಓರೆಯಾಗಿ ತಿರುಗಿಸಿಟ್ಟರೆ ಎಂಟು ಮೂಲೆಯ ನಕ್ಷತ್ರವಾಗುತ್ತದೆ. ಅಂಗಳದಲ್ಲಿ ರಂಗೋಲಿಯಿಕ್ಕುವ ನಮ್ಮ ಹೆಣ್ಣುಮಕ್ಕಳಿಗೆ ಅದು ಅಪರಿಚಿತವಲ್ಲ. ಅದೇ ರೇಖೆಗಳಲ್ಲಿ ಎಂಟು ಕಮಾನುಗಳನ್ನು ಒಂದಕ್ಕೊಂದು ಹೆಣೆದು ಆ ಶಿಲ್ಪಿಗಳು ತೆರಪನ್ನು ಕಿರಿದುಗೊಳಿಸಿದರು. ಗುಮ್ಮಟದ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳಿದರೆ, ಕಮಾನುಗಳ ಭಾರ ಒಳಕ್ಕೆ ಎಳೆಯುತ್ತದೆ. ಎರಡೂ ಸರಿದೂಗಿ ಗುಮ್ಮಟ ನಿಲ್ಲುತ್ತದೆ. ಈ ವಿದ್ಯೆಗೆ ಮೂರು ಶತಮಾನ ಕಳೆಯುವುದರೊಳಗೆ ಆಂಗ್ಲ ಶಿಲ್ಪಿಗಳೇ ಮಣಿದರೆಂಬುದು ಸಣ್ಣ ಸಂಗತಿಯಲ್ಲ. ಬೆಗ್‌ನ ಸಹಾಯಕನಾಗಿದ್ದ ಜಾರ್ಜ್ ವಿಟೆಟ್ ಮುಂದೆ ನಗರದ ದೊಡ್ಡ ವಸ್ತುಸಂಗ್ರಹಾಲಯಕ್ಕೂ ವಿಜಾಪುರದ ಮಾದರಿಯ ಗುಮ್ಮಟವನ್ನೇ ತೊಡಿಸಿದನು.

ವಿಜಾಪುರವು ಆಗ ಮುಂಬಯಿ ಇಲಾಖೆಗೇ ಸೇರಿದ್ದಿತು. 1956ರ ನವೆಂಬರ್ 1ರಂದು ಅದು ಕನ್ನಡ ರಾಜ್ಯವನ್ನು ಸೇರಿತು. 1960ರಲ್ಲಿ ಮುಂಬಯಿಯು ಮಹಾರಾಷ್ಟ್ರದ ರಾಜಧಾನಿಯಾಯಿತು. ಭೂಪಟದ ಗೆರೆಗಳು ಸರಿದರೂ ಗುಮ್ಮಟದ ಬಾಂಧವ್ಯ ಅಳಿದಿಲ್ಲ. ಹೊಟ್ಟೆಪಾಡಿಗಾಗಿ ಈ ಊರಿಗೆ ಬಂದ ಕನ್ನಡಿಗನು ತನ್ನನ್ನು ಪರಕೀಯನೆಂದು ಎಣಿಸಿಕೊಳ್ಳುವಾಗ, ಅವನಿಗೆ ಮೊದಲೇ ಅವನ ನಾಡಿನ ಶಿಲ್ಪ ಇಲ್ಲಿಗೆ ಬಂದು ನೆಲೆಗೊಂಡಿತ್ತೆಂಬುದನ್ನು ನೆನೆಯುವುದು ಒಳಿತು.

ಟಪಾಲಿಗೂ ನಮ್ಮವರಿಗೂ ಇದ್ದ ಸಂಬಂಧವನ್ನು ವಿವರಿಸಬೇಕಾಗಿಲ್ಲ. ತೆಂಕಣ ಕರಾವಳಿಯಿಂದ ಬಂದ ಹುಡುಗರಿಗೆ ಸ್ವಂತ ಮನೆಯ ವಿಳಾಸವಿರಲಿಲ್ಲ; ದುಡಿಯುತ್ತಿದ್ದ ಹೋಟೆಲೇ ವಿಳಾಸ. ಅಂಚೆಯಾಳು ತಂದ ಕಾಗದಗಳು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕಾದಿರುತ್ತಿದ್ದುವು. ತಿಂಗಳ ಮೊದಲ ವಾರದಲ್ಲಿ ಮನಿಯಾರ್ಡರು ಹೋದರೆ ಊರಿನಲ್ಲಿ ಒಲೆ ಉರಿಯುವುದು, ತಂಗಿಯ ಮದುವೆಯ ಸಾಲ ತೀರುವುದು. ಆ ಫಾರಮಿನ ಅಡಿಯ ತುಂಡಿನಲ್ಲಿ ಬರೆದ ನಾಲ್ಕು ಸಾಲುಗಳೇ ಎಷ್ಟೋ ತಾಯಂದಿರಿಗೆ ಮಗನ ಕ್ಷೇಮಸಮಾಚಾರ. ತಂತಿ ಬಂದಿತೆಂದರೆ ಎದೆ ನಡುಗುತ್ತಿತ್ತು. ಆ ತಂತಿಗಳ ಕೇಂದ್ರವೂ ಹುತಾತ್ಮಾ ಚೌಕದ ಕಚೇರಿಯೇ. ಇಂಥ ಕಟ್ಟಡವನ್ನು ಕಲ್ಲುಸುಣ್ಣದ ಆಸ್ತಿಯೆಂದಷ್ಟೇ ಲೆಕ್ಕ ಹಾಕಲಾಗದು.

ಕೆಲಸ ತಪ್ಪಿದ ಹಳೆಯ ಟಪಾಲು ಕಚೇರಿಗಳನ್ನು ಹೋಟೆಲುಗಳಾಗಿ ಮಾಡುವುದು ಇಂದು ಲೋಕದಲ್ಲಿ ರೂಢಿಯಾಗಿದೆ. ಸಿಂಗಪುರದಲ್ಲಿ 1928ರಲ್ಲಿ ತೆರೆದ ಫುಲರ್ಟನ್ ಕಟ್ಟಡ ಅಲ್ಲಿಯ ಹಿರಿಯ ಟಪಾಲು ಕಚೇರಿಯಾಗಿದ್ದು, 2001ರಲ್ಲಿ ಭಾರಿ ಹೋಟೆಲಾಯಿತು. 2015ರಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕವೆಂದೂ ಸಾರಿದರು. ವಾಷಿಂಗ್‌ಟನ್ನಿನ 1899ರ ಹಳೆಯ ಟಪಾಲು ಕಚೇರಿಯೂ 2016ರಲ್ಲಿ ಹೋಟೆಲಾಯಿತು. ಆದರೆ ಅದರ ಗಡಿಯಾರದ ಗೋಪುರವನ್ನು ಸಾರ್ವಜನಿಕರಿಗೆ ಮುಚ್ಚಲಿಲ್ಲ. ಕಟ್ಟಡ ಪಾಳುಬೀಳುವುದಕ್ಕಿಂತ ಇದು ಲೇಸೆಂಬುದನ್ನು ಒಪ್ಪಲೇಬೇಕು.

ಹೋಟೆಲಿನ ಉದ್ಯಮದಲ್ಲೇ ಬೆಳೆದ ನಾವು ಇದನ್ನು ವಿರೋಧಿಸಿದರೆ ಕೆಲವರಿಗೆ ಆಶ್ಚರ್ಯವಾದೀತು. ಆದರೂ ಹುತಾತ್ಮಾ ಚೌಕದ ಕಟ್ಟಡಕ್ಕೆ ಆ ದಾರಿ ತಕ್ಕುದಲ್ಲವೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಅಡಿಗೆಮನೆಯೆಂದರೆ ಹಗಲಿರುಳು ಹಬೆ, ಎಣ್ಣೆಯ ಹೊಗೆ, ತೊಳೆಯುವ ನೀರು. ಸುಣ್ಣದ ಗಾರೆಯ ಹಳೆಯ ಗೋಡೆಗೆ ನೀರಿಗಿಂತ ದೊಡ್ಡ ಶತ್ರುವಿಲ್ಲ. ಕೋಣೆಕೋಣೆಗೂ ಸ್ನಾನಗೃಹ ಕಟ್ಟಿ, ನಳ ಹಾಯಿಸಿ, ಒಳಸೇರಿದ ತೇವವನ್ನು ಸಿಮೆಂಟು ಬಳಿದು ಮುಚ್ಚಿದರೆ ಗೋಡೆ ಒಳಗೊಳಗೇ ಕೊಳೆಯುತ್ತದೆ. ಮೇಲಿನ ಬಣ್ಣ ಮಾತ್ರ ಹೊಳೆಯುತ್ತಿರುತ್ತದೆ. ಇದಕ್ಕಿಂತಲೂ ಮುಖ್ಯವಾದ ಮಾತು ಮತ್ತೊಂದಿದೆ. ಟಪಾಲು ಕಚೇರಿಯ ಬಾಗಿಲಲ್ಲಿ ಸಾಹುಕಾರನೂ ಹಮಾಲನೂ ಒಂದೇ ಸಾಲಿನಲ್ಲಿ ನಿಂತಿದ್ದರು. ಕಾಫಿಗೆ ಸಾವಿರ ರೂಪಾಯಿ ಕೇಳುವ ಸ್ಥಳದ ಹೊಸ್ತಿಲನ್ನು ಹಮಾಲನು ತುಳಿಯಲಾರನು.

ಆದುದರಿಂದ ಅಧಿಕಾರಿಗಳ ಮುಂದೆ ನಾವಿಡುವ ಬೇಡಿಕೆಗಳು ಸರಳವಾದುವು. ಮೊದಲನೆಯದಾಗಿ, ಕಟ್ಟಡದ ಛಾವಣಿ, ತೊಲೆ, ಗೋಡೆಗಳ ಸ್ಥಿತಿಯನ್ನು ಬಲ್ಲವರಿಂದ ಪರೀಕ್ಷಿಸಿ ವರದಿಯನ್ನು ಪ್ರಕಟಿಸಬೇಕು. ಎರಡನೆಯದಾಗಿ, ಮೇಲಂತಸ್ತುಗಳ ಉಪಯೋಗ ಏನೇ ಆಗಲಿ, ನೆಲ ಅಂತಸ್ತು ಸಾರ್ವಜನಿಕರಿಗೆ ತೆರೆದಿರಬೇಕು. ಅಲ್ಲಿ ಟಪಾಲು ಮತ್ತು ತಂತಿಯ ಚರಿತ್ರೆಯನ್ನು ತೋರಿಸುವ ಸಂಗ್ರಹಾಲಯವೂ ಒಂದು ವಾಚನಾಲಯವೂ ಇರಲಿ. ಬೆಂಗಳೂರಿನ ಮ್ಯೂಸಿಯಂ ರಸ್ತೆಯ ಹಳೆಯ ಕಟ್ಟಡದಲ್ಲಿ ಅಂಚೆ ಇಲಾಖೆಯೇ ‘ಸಂದೇಶ’ವೆಂಬ ಸಂಗ್ರಹಾಲಯವನ್ನು ತೆರೆದಿರುವಾಗ ಇದು ಅಸಾಧ್ಯವಲ್ಲ. ಮೂರನೆಯದಾಗಿ, ಹಳೆಯ ಹಾಗೂ ಹೊಸ ಕಚೇರಿಗಳೆರಡರ ಕಥೆಯನ್ನೂ ಮರಾಠಿಯೊಡನೆ ಕನ್ನಡದಲ್ಲಿಯೂ ತಿಳಿಸುವ ಫಲಕಗಳು ಬೇಕು. ವಿಜಾಪುರದ ಋಣವನ್ನು ಅಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಸರಕಾರಕ್ಕೆ ಬೇಡಿಕೆ ಸಲ್ಲಿಸಿ ಸುಮ್ಮನೆ ಕೂಡುವುದು ನಮ್ಮವರ ಹಳೆಯ ಚಾಳಿ. ಈ ಸಲ ಹಾಗಾಗಬಾರದು. ಮುಂಬಯಿಯ ಕನ್ನಡ ಸಂಘಗಳು ವಾರ್ಷಿಕೋತ್ಸವದ ಖರ್ಚಿನಲ್ಲಿ ಒಂದಂಶವನ್ನು ಇದಕ್ಕೆ ತೆಗೆದಿಡಲಿ. ಮನೆಯ ಪೆಟ್ಟಿಗೆಗಳಲ್ಲಿ ಉಳಿದಿರುವ ಹಳೆಯ ಕಾಗದ, ಮನಿಯಾರ್ಡರಿನ ರಸೀದಿ, ತಂತಿಗಳನ್ನು ರದ್ದಿಗೆ ಹಾಕದೆ ಸಂಘಗಳಿಗೆ ಒಪ್ಪಿಸಿರೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ. ಸಂಗ್ರಹಾಲಯದ ಬಾಗಿಲು ತೆರೆಯುವ ದಿನ ಅದರಲ್ಲಿಡಲು ನಮ್ಮ ಬಳಿ ಏನೂ ಇಲ್ಲವೆಂದಾದರೆ, ಆಗ ಸರಕಾರವನ್ನು ದೂರಿ ಪ್ರಯೋಜನವಿಲ್ಲ.