ಚಿಂತೆಯೂ ಬೇಡ, ಸಂತೆಯೂ ಬೇಡ



'ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಮಕ್ಕಳನ್ನು ನೋಡಿದರೆ ಈ ಮಾತು ನಿಜವೆನಿಸುತ್ತದೆ. ಇಗರ್ಜಿಯ ವಾರ್ಷಿಕ ಹಬ್ಬದ ದಿನ ಬ್ಯಾಂಡು, ಪಟಾಕಿಗಳ ನಡುವೆಯೂ ಕೂಸೊಂದು ತಾಯಿಯ ಹೆಗಲ ಮೇಲೆ ಸುಖವಾಗಿ ನಿದ್ರಿಸುತ್ತಿರುತ್ತದೆ. ಆದರೆ ವರ್ಷಕ್ಕೊಮ್ಮೆ ಬರುವ ಹಬ್ಬ ಬೇರೆ, ದಿನಾ ರಾತ್ರಿ ನಡೆಯುವ ಸಂತೆ ಬೇರೆ. ಇಂದು ಎಷ್ಟೋ ಮನೆಗಳಲ್ಲಿ ರಾತ್ರಿ ಹನ್ನೊಂದರವರೆಗೂ ಸಂತೆ ಮುಗಿಯುವುದಿಲ್ಲ. ಚಾವಡಿಯಲ್ಲಿ ಟಿ.ವಿ., ಕೋಣೆಯಲ್ಲಿ ಮೊಬೈಲು, ಅಡುಗೆಮನೆಯಲ್ಲಿ ಮಿಕ್ಸಿ. ಇವುಗಳ ನಡುವೆ ನಮ್ಮ ಮಕ್ಕಳು ಮಲಗಬೇಕು.

ಮನೆ ಭೇಟಿಗೆ ಹೋದಾಗ ಹೆತ್ತವರು ನಮ್ಮೊಡನೆ ತೋಡಿಕೊಳ್ಳುವ ದೂರುಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. "ಬೆಳಿಗ್ಗೆ ಎಬ್ಬಿಸುವುದೇ ಒಂದು ಯುದ್ಧ ಫಾದರ್", "ತರಗತಿಯಲ್ಲಿ ತೂಕಡಿಸುತ್ತಾನಂತೆ", "ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ", "ಸಣ್ಣ ಮಾತಿಗೂ ಸಿಟ್ಟು, ಅಳು. ಒಂದು ಆಶೀರ್ವಾದ ಕೊಡಿ." ಆಶೀರ್ವಾದವನ್ನು ನಾವು ಸಂತೋಷದಿಂದಲೇ ಕೊಡುತ್ತೇವೆ. ಅದರ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳುತ್ತೇವೆ: "ನಿನ್ನೆ ರಾತ್ರಿ ಮಗು ಎಷ್ಟು ಗಂಟೆಗೆ ಮಲಗಿತು?" ಹೆಚ್ಚಿನ ಮನೆಗಳಲ್ಲಿ ಗಂಡ ಹೆಂಡತಿಯ ಮುಖ ನೋಡುತ್ತಾರೆ, ಹೆಂಡತಿ ಗಡಿಯಾರ ನೋಡುತ್ತಾರೆ. ಸರಿಯಾದ ಉತ್ತರ ಯಾರಲ್ಲೂ ಇರುವುದಿಲ್ಲ. ಸೋಮಾರಿ, ದಡ್ಡ, ಹಠಮಾರಿ ಎಂದು ನಾವು ಹೆಸರಿಡುವ ಎಷ್ಟೋ ಮಕ್ಕಳು ನಿಜವಾಗಿ ನಿದ್ದೆಗೆಟ್ಟ ಮಕ್ಕಳು.

ಎಷ್ಟು ನಿದ್ದೆ ಬೇಕು?

ಮಕ್ಕಳ ನಿದ್ದೆಯ ಕುರಿತು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿಯು 2016ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿತು. ಅದರ ಪ್ರಕಾರ ದಿನದ 24 ಗಂಟೆಗಳಲ್ಲಿ 1ರಿಂದ 2 ವರ್ಷದ ಮಗುವಿಗೆ 11ರಿಂದ 14 ಗಂಟೆ, 3ರಿಂದ 5 ವರ್ಷದವರಿಗೆ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಚಿಕ್ಕ ಮಕ್ಕಳ ಹಗಲು ನಿದ್ದೆಯೂ ಇದರಲ್ಲಿ ಸೇರಿದೆ. ದೇಹ ಬೆಳೆಯಲು ಬೇಕಾದ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಗಾಢ ನಿದ್ದೆಯಲ್ಲಿ. ಹಗಲು ಕಲಿತ ಪಾಠವನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದೂ ನಿದ್ದೆಯಲ್ಲಿಯೇ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡಿಸಿ ಓದಿಸುವ ಹೆತ್ತವರು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಳ್ಳುತ್ತಿದ್ದಾರೆ.

ಲೆಕ್ಕವನ್ನು ಬೆಳಗಿನಿಂದ ಹಿಂದಕ್ಕೆ ಮಾಡಿ ನೋಡಿ. ಎಂಟು ವರ್ಷದ ಮಗು ಬೆಳಿಗ್ಗೆ ಆರೂವರೆಗೆ ಏಳಬೇಕೆಂದರೆ ರಾತ್ರಿ ಒಂಬತ್ತಕ್ಕೆ ಅದು ನಿದ್ದೆಯಲ್ಲಿರಬೇಕು. ಹಾಗಾದರೆ ಎಂಟೂವರೆಗೆ ಹಾಸಿಗೆಯ ಹತ್ತಿರ ಬರಬೇಕು, ಏಳೂವರೆಗೆ ಊಟ ಶುರುವಾಗಬೇಕು, ಅದಕ್ಕೂ ಮುಂಚೆ ಜಪಸರ ಪ್ರಾರ್ಥನೆ ಮುಗಿದಿರಬೇಕು. ಧಾರಾವಾಹಿ ಮುಗಿಯಲಿ ಎಂದು ಪ್ರಾರ್ಥನೆಯನ್ನು ಹತ್ತು ಗಂಟೆಗೆ ತಳ್ಳಿ, ತೂಕಡಿಸುವ ಮಗುವಿನ ತಲೆಗೆ ಮೊಟಕುವುದರಿಂದ ಪ್ರಾರ್ಥನೆಯೂ ಆಗುವುದಿಲ್ಲ, ನಿದ್ದೆಯೂ ಆಗುವುದಿಲ್ಲ.

ಕೋಣೆ ಇಲ್ಲದಿದ್ದರೇನು?

"ನಮ್ಮದು ಸಣ್ಣ ಮನೆ ಫಾದರ್, ಮಕ್ಕಳಿಗೆ ಬೇರೆ ಕೋಣೆ ಎಲ್ಲಿಂದ ತರುವುದು?" ಎಂದು ಕೇಳುವವರಿದ್ದಾರೆ. ಮಂಜೇಶ್ವರದಿಂದ ಕಾಸರಗೋಡಿನವರೆಗಿನ ನಮ್ಮ ಊರುಗಳಲ್ಲಿ ಎರಡು ಬಗೆಯ ಮನೆಗಳನ್ನು ಕಾಣುತ್ತೇವೆ. ಒಂದು ಕಡೆ, ಒಂದೇ ಕೋಣೆಯಲ್ಲಿ ಅಜ್ಜಿ, ಹೆತ್ತವರು, ಮೂವರು ಮಕ್ಕಳು ಮಲಗುವ ಹಂಚಿನ ಮನೆ. ಇನ್ನೊಂದು ಕಡೆ, ಗಲ್ಫಿನ ದುಡಿಮೆಯಿಂದ ಕಟ್ಟಿದ ತಾರಸಿ ಮನೆ. ಅಲ್ಲಿ ಒಬ್ಬೊಬ್ಬ ಮಗುವಿಗೂ ಮಂಚವಿರುವ ಕೋಣೆ, ಬಾಗಿಲಿಗೆ ಒಳಗಿನಿಂದ ಚಿಲಕ. ದೊಡ್ಡ ಮನೆಯ ಮಗು ಚೆನ್ನಾಗಿ ಮಲಗುತ್ತದೆ ಎಂದು ತಿಳಿಯಬೇಡಿ. ಚಿಲಕ ಹಾಕಿದ ಕೋಣೆಯಲ್ಲಿ ಹೊದಿಕೆಯೊಳಗೆ ಮೊಬೈಲು ಬೆಳಗುತ್ತಿದ್ದರೆ, ಒಂದೇ ಚಾಪೆಯಲ್ಲಿ ಅಜ್ಜಿಯ ಮಗ್ಗುಲಲ್ಲಿ ಮಲಗಿದ ಮಗುವೇ ಭಾಗ್ಯವಂತ. ಮಕ್ಕಳಿಗೆ ಮೊದಲು ಬೇಕಾದುದು ಮನೆಯವರೆಲ್ಲ ಸೇರಿ ಕಾಪಾಡುವ ಒಂದು ಹೊತ್ತು. ಕೋಣೆ ಆಮೇಲಿನ ಮಾತು.

ಮಲಗುವ ಜಾಗ ದಿನಾ ಒಂದೇ ಆಗಿರಲಿ. ಅಲ್ಲಿ ಕತ್ತಲೆ, ಗಾಳಿ ಮತ್ತು ಮೌನ ಇರಲಿ. ಕತ್ತಲೆಗೆ ಹೆದರುವ ಮಗುವಿಗೆ ಮಂದ ಬೆಳಕಿನ ಪುಟ್ಟ ದೀಪ ಸಾಕು. ಟಿ.ವಿ. ಆ ಕೋಣೆಯಲ್ಲಿ ಬೇಡ. ರಾತ್ರಿಯ ಪ್ರಖರ ಬೆಳಕು ನಿದ್ದೆ ತರಿಸುವ ಹಾರ್ಮೋನನ್ನು ತಡೆಯುತ್ತದೆ. ಆದ್ದರಿಂದ ಮಲಗುವುದಕ್ಕೆ ಒಂದು ಗಂಟೆ ಮುಂಚೆಯೇ ಎಲ್ಲರ ಮೊಬೈಲುಗಳೂ ಅಡುಗೆಮನೆಯ ಕಪಾಟಿಗೆ ಸೇರಲಿ. ಎಲ್ಲರ ಎಂದರೆ ಅಪ್ಪನದ್ದೂ ಸೇರಿ. ಮನೆಯಲ್ಲಿ ಬೀಡಿ ಕಟ್ಟುವವರಿದ್ದರೆ ಹೊಗೆಸೊಪ್ಪಿನ ಮೊರವನ್ನು ಮಕ್ಕಳು ಮಲಗುವಲ್ಲಿ ಇಡಬೇಡಿ. ಅದರ ಧೂಳು ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಳೆಗಾಲದಲ್ಲಿ ಒದ್ದೆ ಬಟ್ಟೆಗಳನ್ನು ಹಾಸಿಗೆಯ ಮೇಲೆಯೇ ಹಗ್ಗ ಕಟ್ಟಿ ಒಣಹಾಕುವ ರೂಢಿಯಿದೆ. ಆ ತೇವದಿಂದ ಬೂಸ್ಟು ಹಿಡಿಯುತ್ತದೆ, ಮಕ್ಕಳ ಕೆಮ್ಮು ಉಬ್ಬಸ ಹೆಚ್ಚುತ್ತದೆ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿಯ ಹೊಗೆಗಿಂತ ಸೊಳ್ಳೆಪರದೆ ಮೇಲು. ಡೆಂಗ್ಯೂ ಹರಡುವ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಹಾಗಾಗಿ ಹಗಲು ಮಲಗುವ ಕೂಸಿಗೂ ಪರದೆ ಬೇಕು.

ವರ್ಷ ತುಂಬದ ಶಿಶುವನ್ನು ಬೆನ್ನ ಮೇಲೆಯೇ ಮಲಗಿಸಿ. ದಿಂಬು, ದಪ್ಪ ರಜಾಯಿ, ಬೊಂಬೆಗಳು ಅದರ ಹತ್ತಿರ ಬೇಡ. ತಾಯಿಯ ಪಕ್ಕದಲ್ಲೇ, ಆದರೆ ಅದಕ್ಕೆಂದೇ ಇರುವ ಗಟ್ಟಿ ಹಾಸಿಗೆಯಲ್ಲಿ ಮಲಗುವುದು ಕ್ಷೇಮ. ಕುಡಿದವರು ಅಥವಾ ಬೀಡಿ ಸಿಗರೇಟು ಸೇದುವವರು ಶಿಶುವಿನೊಂದಿಗೆ ಒಂದೇ ಹಾಸಿಗೆಯಲ್ಲಿ ಮಲಗಲೇಬಾರದು. ಮಕ್ಕಳು ಹತ್ತು ವರ್ಷದ ಸಮೀಪ ಬಂದಾಗ ಬಟ್ಟೆ ಬದಲಿಸಲು ಮರೆ ಬೇಕೆನ್ನುತ್ತಾರೆ. ಬೇರೆ ಕೋಣೆ ಸಾಧ್ಯವಿಲ್ಲದಿದ್ದರೆ ಒಂದು ಪರದೆಯಾದರೂ ಕಟ್ಟಿಕೊಡಿ. ಅವರ ಸಂಕೋಚವನ್ನು ನಗೆಯಾಡಬೇಡಿ.

ಹನ್ನೊಂದು ಗಂಟೆಗೆ ಬರುವ ಕರೆ

ನಮ್ಮ ಊರುಗಳಿಗೇ ವಿಶೇಷವಾದ ಒಂದು ಕಷ್ಟವಿದೆ. ಅಪ್ಪ ಗಲ್ಫಿನಲ್ಲಿ, ಮಕ್ಕಳು ಇಲ್ಲಿ. ದುಬಾಯಿಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಕುವೈತ್, ಕತಾರ್, ಸೌದಿಯದ್ದು ಎರಡೂವರೆ ಗಂಟೆ ಹಿಂದೆ. ಕುವೈತಿನಲ್ಲಿ ಡ್ಯೂಟಿ ಮುಗಿಸಿ, ಉಂಡು, ಎಂಟೂವರೆಗೆ ಅಪ್ಪ ಕರೆ ಮಾಡಿದರೆ ಇಲ್ಲಿ ಹನ್ನೊಂದು ಗಂಟೆ. ಅಪ್ಪನ ಮುಖ ನೋಡದೆ ಮಲಗುವುದಿಲ್ಲವೆಂದು ಮಗು ಕಣ್ಣು ಉಜ್ಜುತ್ತಾ ಕಾದಿರುತ್ತದೆ. ಆ ಕರೆಯನ್ನು ನಿಲ್ಲಿಸಿ ಎಂದು ಹೇಳುವ ಮನಸ್ಸು ನಮಗಿಲ್ಲ. ಅಪ್ಪನ ದನಿ ಮಗುವಿಗೆ ಅನ್ನದಷ್ಟೇ ಅಗತ್ಯ.

ಆದರೆ ದಾರಿಗಳಿವೆ. ಕುವೈತಿನಲ್ಲಿ ಸಂಜೆ ಐದೂವರೆಯಾದಾಗ, ದುಬಾಯಿಯಲ್ಲಿ ಆರೂವರೆಯಾದಾಗ ಇಲ್ಲಿ ಎಂಟು ಗಂಟೆ. ಆ ಹೊತ್ತಿಗೆ ಹತ್ತು ನಿಮಿಷ ಬಿಡುವು ಸಿಗುವ ತಂದೆಯರು ಅದನ್ನು ಮಕ್ಕಳಿಗೆಂದೇ ಮೀಸಲಿಡಲಿ. ಬಿಡುವು ಸಿಗದವರು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಎರಡು ನಿಮಿಷದ ಕಥೆಯನ್ನೋ, ದಿನದ ಸಂಗತಿಯನ್ನೋ ವಾಟ್ಸಾಪಿನಲ್ಲಿ ದನಿಮುದ್ರಿಸಿ ಕಳುಹಿಸಲಿ. ತಾಯಿ ಅದನ್ನು ಮಲಗುವ ಮುನ್ನ ಕೇಳಿಸಲಿ. ಪರದೆಯ ಬೆಳಕಿಲ್ಲ, ಅಪ್ಪನ ದನಿಯಿದೆ. ಉದ್ದನೆಯ ಮಾತುಕತೆ ರಜೆಯ ದಿನ ಹಗಲಿನಲ್ಲಿ ನಡೆಯಲಿ. ಗಂಡ ಹೆಂಡತಿ ಮಾತಾಡಿಕೊಳ್ಳಬೇಕಾದ ಸಾಲ, ಜಾಗ, ಜಗಳದ ವಿಷಯಗಳು ಮಕ್ಕಳು ಮಲಗಿದ ಮೇಲಿರಲಿ.

ಚಿಂತೆಯ ಮಾತು

ಸಂತೆಯನ್ನು ನಿಲ್ಲಿಸುವುದು ಸುಲಭ. ಒಂದು ಸ್ವಿಚ್ಚು ಒತ್ತಿದರೆ ಸಾಕು. ಚಿಂತೆ ಹಾಗಲ್ಲ. ಮಕ್ಕಳಿಗೇನು ಚಿಂತೆ ಎಂದು ನಾವು ಹಗುರಾಗಿ ಹೇಳಿಬಿಡುತ್ತೇವೆ. ಗೋಡೆಯಾಚೆ ತಂದೆತಾಯಿಯರ ದನಿ ಏರುತ್ತಿರುವಾಗ ಕಣ್ಣು ಮುಚ್ಚಿ ಮಲಗಿದ ಮಗು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತದೆ. ಕುಡಿದು ಬರುವ ತಂದೆಯ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟು ಮಲಗುವ ಮಗುವಿಗೆ ರೇಷ್ಮೆಯ ಹಾಸಿಗೆ ಹಾಕಿದರೂ ನಿದ್ದೆ ಬಾರದು. ಅಂಥ ಮನೆಗಳಲ್ಲಿ ಮಗುವಿನ ನಿದ್ದೆಗೆ ಔಷಧ ಬೇಕಾಗಿರುವುದು ಮಗುವಿಗಲ್ಲ, ದೊಡ್ಡವರಿಗೆ. ಕುಡಿತ ಬಿಡಲು ವೈದ್ಯರ ನೆರವು ಪಡೆಯುವುದು ನಾಚಿಕೆಯ ವಿಷಯವೂ ಅಲ್ಲ.

ಮಲಗುವ ಹೊತ್ತು ವಿಚಾರಣೆಯ ಹೊತ್ತಾಗಬಾರದು. ಗಣಿತದ ಅಂಕ, ಕಳೆದುಹೋದ ಕೊಡೆ, ಟೀಚರು ಬರೆದು ಕಳಿಸಿದ ದೂರು ಇವೆಲ್ಲ ಸಂಜೆ ಆರಕ್ಕೆ ಮುಗಿಯಲಿ. ಗುಮ್ಮ ಬರುತ್ತಾನೆ, ಪೋಲಿಸರು ಬರುತ್ತಾರೆ ಎಂದು ಹೆದರಿಸಿ ಮಲಗಿಸಬೇಡಿ. 'ಹೊರಗೆ ಮಲಗಿಸುತ್ತೇನೆ' ಎಂಬ ಬೆದರಿಕೆಯೂ ಬೇಡ. ಹಾಸಿಗೆ ಶಿಕ್ಷೆಯ ಜಾಗವಾದರೆ ಮಗು ಅಲ್ಲಿಗೆ ಹೇಗೆ ಮನಸ್ಸಿಟ್ಟು ಬಂದೀತು? ಹಾಸಿಗೆ ಒದ್ದೆ ಮಾಡುವ ಮಗುವನ್ನು ನೆಂಟರೆದುರು ಹಾಸ್ಯ ಮಾಡಬೇಡಿ. ಐದು ವರ್ಷದವರೆಗೆ ಅದು ಸಾಮಾನ್ಯ. ಏಳರ ನಂತರವೂ ಮುಂದುವರಿದರೆ ವೈದ್ಯರಿಗೆ ತೋರಿಸಿ. ದಿನಾಲೂ ಜೋರಾಗಿ ಗೊರಕೆ ಹೊಡೆಯುವ, ಬಾಯಿ ತೆರೆದು ಉಸಿರಾಡುವ ಮಗುವನ್ನೂ ವೈದ್ಯರಿಗೆ ತೋರಿಸಬೇಕು. 'ಒಳ್ಳೆಯ ನಿದ್ದೆ' ಎಂದು ನಾವು ತಿಳಿಯುವ ಆ ಗೊರಕೆಯೇ ಅದರ ನಿದ್ದೆಯನ್ನು ಕೆಡಿಸುತ್ತಿರಬಹುದು.

ಹದಿಹರೆಯದವರ ಬಗ್ಗೆ ಒಂದು ಮಾತು. ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ನಿದ್ದೆ ಬರುವುದೇ ತಡವಾಗಿ. ಆದ್ದರಿಂದ ಎಲ್ಲವನ್ನೂ ಉದ್ಧಟತನವೆಂದು ಬಯ್ಯಬೇಡಿ. ಆದರೆ ಮೊಬೈಲಿಗೆ ಮಾತ್ರ ರಿಯಾಯಿತಿ ಬೇಡ. ಆದಿತ್ಯವಾರ ಒಂದು ಗಂಟೆ ಹೆಚ್ಚು ಮಲಗಲಿ, ಮಧ್ಯಾಹ್ನದವರೆಗೆ ಬೇಡ.

ಹಗಲಿನ ಆಟ, ಇರುಳಿನ ನಿದ್ದೆ

ಹಗಲು ಬೆವರು ಸುರಿಸದ ಮಗುವಿಗೆ ರಾತ್ರಿ ನಿದ್ದೆ ಬರುವುದು ಕಷ್ಟ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಳಲುವಂತೆ ಓಡಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಿಳಿಸಿದೆ. ಎರಡು ವರ್ಷ ತುಂಬದವರಿಗೆ ಪರದೆಯೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂಬುದು ಅದೇ ಸಂಸ್ಥೆಯ 2019ರ ಸಲಹೆ. ಆಟ ಮತ್ತು ವಿಶ್ರಾಂತಿ ಮಕ್ಕಳ ಹಕ್ಕು ಎಂದು ವಿಶ್ವಸಂಸ್ಥೆಯ 1989ರ ಒಡಂಬಡಿಕೆ ಹೇಳುತ್ತದೆ. 1992ರಲ್ಲಿ ಭಾರತವೂ ಅದನ್ನು ಒಪ್ಪಿಕೊಂಡಿದೆ. ತೂರಿನ್ ನಗರದ ಬಡ ಹುಡುಗರ ನಡುವೆ ದುಡಿದ ಸಂತ ಜಾನ್ ಬೋಸ್ಕೊ (1815–1888) ಅವರು ಆಟದ ಬಯಲನ್ನು ಶಿಕ್ಷಣದ ಒಂದು ಭಾಗವೆಂದೇ ತಿಳಿದಿದ್ದರು. ಸ್ವತಃ ಬಾಲ್ಯದಲ್ಲಿ ಕಸರತ್ತು, ಕಣ್ಕಟ್ಟುಗಳನ್ನು ಕಲಿತು ಓರಗೆಯವರನ್ನು ರಂಜಿಸಿದವರು ಅವರು.

ನಮ್ಮ ಮಕ್ಕಳಿಗೆ ಆಟಿಕೆಯ ಕೊರತೆಯಿಲ್ಲ, ಬಿಡುವಿನ ಕೊರತೆಯಿದೆ. ಶಾಲೆ ಬಿಟ್ಟ ಕೂಡಲೇ ಟ್ಯೂಷನ್, ಟ್ಯೂಷನ್ ಮುಗಿದರೆ ಹೋಮ್‌ವರ್ಕ್. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ ಮೇಲೆ ಮಕ್ಕಳು ಕೆರೆದು ಗೆರೆ ಎಳೆಯಲು ಮಣ್ಣೂ ಉಳಿದಿಲ್ಲ. ಶಾಲೆಯಿಂದ ಬಂದು ಚಹಾ ಕುಡಿದ ಮೇಲೆ ಒಂದು ಗಂಟೆಯನ್ನು ಖಾಲಿ ಬಿಡಿ. ಲಗೋರಿ, ಕುಂಟೆಬಿಲ್ಲೆ ಆಡಲು ಹಣ ಬೇಕಿಲ್ಲ. ಅಂಗಳದಲ್ಲಿ ಅಡಿಕೆ ಒಣಗುತ್ತಿದ್ದರೆ ಒಂದು ಮೂಲೆಯನ್ನಾದರೂ ಅವರಿಗೆ ಬಿಟ್ಟುಕೊಡಿ. ಆದರೆ ಒಂದು ಎಚ್ಚರಿಕೆ: ಮಳೆಗಾಲದಲ್ಲಿ ನೀರು ತುಂಬಿದ ಕೆಂಪುಕಲ್ಲಿನ ಕೋರೆಗಳ ಬಳಿ, ತೋಡಿನ ಬಳಿ ಮಕ್ಕಳನ್ನು ದೊಡ್ಡವರಿಲ್ಲದೆ ಬಿಡಬೇಡಿ.

ವಾರಕ್ಕೊಂದು ಸಂಜೆ ಇಡೀ ಮನೆ ಒಟ್ಟಿಗೆ ಆಡಲಿ. ಅಟ್ಟದ ಮೇಲೆ ಧೂಳು ಹಿಡಿದಿರುವ ಚೆನ್ನೆಮಣೆಯನ್ನು ಇಳಿಸಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಳು. ಆಟಿ ತಿಂಗಳ ಜಡಿಮಳೆಗೆ ಅದಕ್ಕಿಂತ ಒಳ್ಳೆಯ ಆಟವಿಲ್ಲ. ಕೂಡಿಸುವ ಕಳೆಯುವ ಲೆಕ್ಕವೂ ತಾನಾಗಿ ಬರುತ್ತದೆ. ಕಲಿಸಲು ಅಜ್ಜಿಯಿದ್ದಾರೆ. ಬೇಸಗೆ ರಜೆಗೆ ಗೇರುಬೀಜದ ಆಟವಿದೆ. ಮೊಂತಿ ಹಬ್ಬದ ಒಂಬತ್ತು ದಿನ ಹೂ ಕೊಯ್ಯಲು ಮಕ್ಕಳನ್ನು ಅಂಗಡಿಗೆ ಕಳುಹಿಸದೆ ಗುಡ್ಡಕ್ಕೆ ಕರೆದುಕೊಂಡು ಹೋಗಿ. ತಾಯಿಯೂ ಆಟಕ್ಕೆ ಕೂರಬೇಕು ಎಂದಾದರೆ ಆ ದಿನ ಪಾತ್ರೆಗಳನ್ನು ಬೇರೆ ಯಾರಾದರೂ ತೊಳೆಯಬೇಕು ಎಂಬುದನ್ನು ಮನೆಯ ಗಂಡಸರಿಗೆ ನೆನಪಿಸಲು ಬಯಸುತ್ತೇವೆ.

ಈ ತಿಂಗಳ ಮನೆಗೆಲಸ

ಎಲ್ಲವನ್ನೂ ನಾಳೆಯೇ ಬದಲಿಸಲು ಹೋದರೆ ಮೂರನೆಯ ದಿನಕ್ಕೆ ಬಿಟ್ಟುಬಿಡುತ್ತೀರಿ. ಮೊದಲ ವಾರ ಮಕ್ಕಳು ಮಲಗುವ ಮತ್ತು ಏಳುವ ಹೊತ್ತನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ, ಅಷ್ಟೇ ಸಾಕು. ಎರಡನೆಯ ವಾರದಿಂದ ಮಲಗುವ ಹೊತ್ತನ್ನು ಎರಡು ದಿನಕ್ಕೊಮ್ಮೆ ಹದಿನೈದು ನಿಮಿಷ ಮುಂಚಿತ ಮಾಡಿ. ಮೂರನೆಯ ವಾರ ಮೊಬೈಲುಗಳನ್ನು ಕಪಾಟಿಗೆ ಸೇರಿಸಿ. ನಾಲ್ಕನೆಯ ವಾರ ಒಂದು ಸಂಜೆ ಒಟ್ಟಿಗೆ ಆಡಿ. ಮಕ್ಕಳು ಮೊದಮೊದಲು ಗೊಣಗುತ್ತಾರೆ. ಗೊಣಗಲಿ. ತಿಂಗಳ ಕೊನೆಗೆ ಬೆಳಗಿನ ಯುದ್ಧ ಎಷ್ಟು ತಗ್ಗಿತೆಂದು ನೀವೇ ನೋಡಿ. ಮುಂದಿನ ಮನೆ ಭೇಟಿಯಲ್ಲಿ ನಾವು ಅದೇ ಪ್ರಶ್ನೆಯನ್ನು ಕೇಳಲಿದ್ದೇವೆ. ಉತ್ತರವನ್ನು ಈ ಬಾರಿ ಮಕ್ಕಳ ಬಾಯಿಂದಲೇ ಕೇಳುವ ಆಸೆ ನಮ್ಮದು.

ದೇವರು ನಿಮ್ಮ ಮನೆಗಳಿಗೆ ನೆಮ್ಮದಿಯ ರಾತ್ರಿಗಳನ್ನು ದಯಪಾಲಿಸಲಿ.